ಕೊಂಡ ಫೋನಿನ ವಕಾಲತ್ತು

ಪ್ರಶ್ನೆ: ಆರು ವರ್ಷದಿಂದ ಒಂದೇ ಕಂಪನಿಯ ಫೋನು ಬಳಸುತ್ತಿದ್ದೇನೆ. ಈಗಿರುವುದು ಎರಡನೆಯದು. ಅದರ ಬಳಕೆದಾರರದೇ ಒಂದು ಆನ್‌ಲೈನ್ ಗುಂಪಿದೆ. ಅಲ್ಲಿ ನಾನು ಹಳಬ, ಹೊಸಬರ ಪ್ರಶ್ನೆಗೆ ಉತ್ತರ ಹೇಳುವವರಲ್ಲಿ ಒಬ್ಬ. ಎರಡು ತಿಂಗಳ ಹಿಂದೆ ಒಬ್ಬರು, ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದುಬಂದ ತಮ್ಮ ಫೋನಿನ ಫೋಟೊ ಹಾಕಿದರು. ‘ಯಾವ ಚಾರ್ಜರ್ ಹಾಕ್ತಿದ್ರಿ?’ ಎಂದು ಮೊದಲು ಕೇಳಿದವನು ನಾನೇ. ಆಮೇಲೆ ಉಳಿದವರೂ ಸೇರಿಕೊಂಡರು. ಮರುದಿನ ಅವರು ಗುಂಪು ಬಿಟ್ಟರು. ಮೂರು ವಾರ ಕಳೆದ ಮೇಲೆ ನನ್ನ ಫೋನಿನ ಬ್ಯಾಟರಿಯೂ ಉಬ್ಬಿತು. ಕಂಪನಿಯ ಚಾರ್ಜರನ್ನೇ ಬಳಸುತ್ತಿದ್ದೆ. ಆದರೂ ಗುಂಪಿನಲ್ಲಿ ಬಾಯಿ ಬಿಡಲಿಲ್ಲ. ಅವತ್ತಿನ ಮಾತುಕತೆಯ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ನನಗೆ ಸಂಬಳ ಕೊಡದ ಕಂಪನಿಯ ಪರವಾಗಿ ನಾನೇಕೆ ವಾದಿಸುತ್ತೇನೆ? ನನ್ನ ಅಭಿಪ್ರಾಯಗಳು ನನ್ನವೇನಾ? ಗುಂಪು ಬಿಟ್ಟುಬಿಡಲೇ?

ಉತ್ತರ: ಮನಸ್ಸಿನ ವಿಚಾರಕ್ಕೆ ಹೋಗುವ ಮೊದಲು ಆ ಫೋನಿನ ವಿಚಾರ. ಉಬ್ಬಿದ್ದನ್ನು ಇನ್ನೂ ಬಳಸುತ್ತಿದ್ದರೆ ಈಗಲೇ ನಿಲ್ಲಿಸಿ. ಸ್ವಿಚ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಬೇಗ ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಡಿ. ಎದ್ದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚುವ ಯೋಚನೆಯಂತೂ ಬೇಡವೇ ಬೇಡ. ಲಿಥಿಯಂ-ಅಯಾನ್ ಬ್ಯಾಟರಿಯ ಒಳಗಿನ ಎಲೆಕ್ಟ್ರೊಲೈಟ್ ಎಂಬ ರಾಸಾಯನಿಕ ದ್ರವ ಒಡೆದು ಅನಿಲವಾಗುತ್ತದೆ. ಆ ಅನಿಲಕ್ಕೆ ಹೊರಹೋಗಲು ದಾರಿ ಇಲ್ಲದೆ ಪೊಟ್ಟಣ ಉಬ್ಬುತ್ತದೆ. ಬ್ಯಾಟರಿಗೆ ವಯಸ್ಸಾಗಿರಬಹುದು, ಬಿಸಿ ತಾಗಿರಬಹುದು, ಪೆಟ್ಟು ಬಿದ್ದಿರಬಹುದು, ಅತಿಯಾಗಿ ಚಾರ್ಜ್ ಆಗಿರಬಹುದು, ತಯಾರಿಸುವಾಗಲೇ ದೋಷ ಉಳಿದಿರಬಹುದು. ಸರ್ವಿಸ್ ಸೆಂಟರಿಗೆ ಒಯ್ದು ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ.

ಈ ಐದು ಕಾರಣಗಳಲ್ಲಿ ಅತಿ ಚಾರ್ಜೂ ಇದೆ. ಹಾಗಾಗಿ ನೀವು ಕೇಳಿದ ಪ್ರಶ್ನೆ ತಾಂತ್ರಿಕವಾಗಿ ತಪ್ಪಲ್ಲ. ರಿಪೇರಿ ಮೇಜಿನ ಹಿಂದೆ ಕೂತವನೂ ಅದನ್ನು ಕೇಳುತ್ತಾನೆ. ಆದರೆ ಅವನು ಮೊದಲು ಫೋನನ್ನು ಕೈಗೆ ತಗೊಂಡು ಆಫ್ ಮಾಡುತ್ತಾನೆ. ಯಾವ ಮಾಡೆಲ್, ಯಾವಾಗ ಕೊಂಡದ್ದು, ಬಿದ್ದಿತ್ತಾ, ಬಿಸಿಯಾಗುತ್ತಿತ್ತಾ ಎಂದೆಲ್ಲ ಕೇಳಿದ ಮೇಲೆ ಚಾರ್ಜರಿಗೆ ಬರುತ್ತಾನೆ. ನೀವು ನೇರ ಅಲ್ಲಿಗೇ ಹೋದಿರಿ.

ಸ್ಕ್ರೀನ್‌ಶಾಟ್ ನೋಡುತ್ತಿದ್ದೇನೆ. ಫೋಟೊ ಬಂದದ್ದು ರಾತ್ರಿ 9.12ಕ್ಕೆ, ನಿಮ್ಮ ಪ್ರಶ್ನೆ 9.14ಕ್ಕೆ. ಅದರ ಕೆಳಗೆ ಒಬ್ಬರು ‘ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಿರ್ತೀರಿ’ ಅಂದಿದ್ದಾರೆ. ಇನ್ನೊಬ್ಬರು ‘ಗೇಮ್ ಜಾಸ್ತಿ ಆಡ್ತೀರಾ?’ ಮತ್ತೊಬ್ಬರು ‘ನಂದು ನಾಲ್ಕು ವರ್ಷ ಆಯ್ತು, ಏನೂ ಆಗಿಲ್ಲ.’ ಒಬ್ಬ ಮಹಾನುಭಾವರು ‘ಇದು ಬೇರೆ ಕಂಪನಿಯವರು ಹರಿಬಿಟ್ಟ ಫೋಟೊ’ ಎಂದೇ ತೀರ್ಮಾನಿಸಿದ್ದಾರೆ. 9.31ಕ್ಕೆ ಫೋನಿನ ಮಾಲೀಕರು ಒಂದೇ ಸಾಲು ಬರೆದಿದ್ದಾರೆ: ‘ಬಾಕ್ಸಲ್ಲಿ ಬಂದಿದ್ದ ಚಾರ್ಜರ್.’ ಆ ಸಾಲಿಗೆ ಯಾರೂ ಉತ್ತರ ಕೊಟ್ಟಿಲ್ಲ, ಪ್ರಶ್ನೆ ಕೇಳಿದ ನೀವೂ ಕೊಟ್ಟಿಲ್ಲ. ‘ಮೊದಲು ಆಫ್ ಮಾಡಿ ದೂರ ಇಡಿ ಮಾರಾಯ್ರೇ’ ಎಂಬ ಮಾತು ಬರುವ ಹೊತ್ತಿಗೆ ಗಂಟೆ 10.20. ಬೆಂಕಿ ಹತ್ತಬಹುದಾದ ವಸ್ತು ಹಿಡಿದುಕೊಂಡು ಬಂದವರಿಗೆ, ಬ್ಯಾಟರಿಯ ಬಗ್ಗೆ ಅಷ್ಟೆಲ್ಲ ಗೊತ್ತಿದ್ದ ಹಳಬರ ಗುಂಪು ಒಂದು ಗಂಟೆಗೂ ಹೆಚ್ಚು ಹೊತ್ತು ಪಾಟೀಸವಾಲು ಹಾಕಿದೆ.

ಇದನ್ನು ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ನನ್ನ ಕೈಯಲ್ಲೂ ಇಂಥದ್ದೇ ಒಂದು ಆಗಿದೆ, ಮುಂದೆ ಹೇಳುತ್ತೇನೆ.

ಕೊಂಡ ವಸ್ತುವಿನ ಪರ ವಾದ ಮಾಡುವ ಚಾಳಿ ಇಂಟರ್ನೆಟ್ಟಿಗಿಂತ ಹಳೆಯದು. 1956ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜ್ಯಾಕ್ ಬ್ರೆಮ್ ಒಂದು ಪ್ರಯೋಗ ಮಾಡಿದರು. ಹೆಂಗಸರ ಮುಂದೆ ಮನೆಬಳಕೆಯ ಕೆಲವು ವಸ್ತುಗಳನ್ನಿಟ್ಟು ಒಂದೊಂದಕ್ಕೂ ಅಂಕ ಕೊಡಿ ಎಂದರು. ಆಮೇಲೆ ಎರಡನ್ನು ತೋರಿಸಿ, ಇವುಗಳಲ್ಲಿ ಒಂದನ್ನು ನೀವೇ ಇಟ್ಟುಕೊಳ್ಳಿ ಎಂದರು. ಆರಿಸಿಕೊಂಡ ಮೇಲೆ ಮತ್ತೊಮ್ಮೆ ಅಂಕ ಕೊಡಲು ಹೇಳಿದಾಗ, ಆರಿಸಿಕೊಂಡದ್ದರ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ಎರಡೂ ಸರಿಸುಮಾರು ಒಂದೇ ಮಟ್ಟದವಾಗಿದ್ದಾಗ, ಅಂದರೆ ಆಯ್ಕೆ ಕಷ್ಟವಾಗಿದ್ದಾಗ, ಈ ಏರಿಳಿತ ಇನ್ನೂ ಎದ್ದು ಕಾಣುತ್ತಿತ್ತು. ಮರುವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಆಗಷ್ಟೇ ಹೊಸ ಕಾರು ಕೊಂಡವರು ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚಾಗಿ ಓದುತ್ತಿದ್ದುದು ಕಂಡಿತು. ದುಡ್ಡು ಕೊಟ್ಟಾಗಿದೆ, ಕಾರು ಮನೆ ಮುಂದೆ ನಿಂತಿದೆ, ಇನ್ನು ಜಾಹೀರಾತು ಓದಿ ಆಗಬೇಕಾದ್ದೇನು? ಆದರೂ ಓದುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೇವಲ್ಲ, ಕೊಂಡವರಿಗೂ ಹಾಗೆಯೇ.

ಫೋನಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಕಾರನ್ನು ಮಾರಿ ಬೇರೆಯದು ಕೊಂಡರೆ ಹಳೆಯ ದಾರಿಯಲ್ಲೇ ಓಡಿಸಬಹುದು. ಫೋನು ಬದಲಿಸಬೇಕೆಂದರೆ ವರ್ಷಗಟ್ಟಲೆ ಕೂಡಿಹಾಕಿದ ಫೋಟೊ, ದುಡ್ಡು ಕೊಟ್ಟು ಕೊಂಡ ಆ್ಯಪ್, ಹಳೆಯ ಮೆಸೇಜು, ಅದಕ್ಕೇ ಹೊಂದುವ ವಾಚು, ಬೆರಳಿಗೆ ಹತ್ತಿದ ಅಭ್ಯಾಸ ಎಲ್ಲವನ್ನೂ ಕಿತ್ತು ಸಾಗಿಸಬೇಕು. ಇಷ್ಟೆಲ್ಲ ಹೊತ್ತು ಹೋಗಲು ಆಗದವನು ಇರುವ ಜಾಗವೇ ಚೆನ್ನಾಗಿದೆ ಅನ್ನುತ್ತಾನೆ. ಹಾಗೆ ಹೇಳುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸತೊಡಗಿರುತ್ತದೆ. ನಿಷ್ಠೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಸಾಗಾಟದ ತಾಪತ್ರಯ ಎಂದು ಬಿಡಿಸಿ ಹೇಳುವುದು ಬಳಸುವವನಿಗೇ ಕಷ್ಟ.

ಇಲ್ಲಿಯವರೆಗೆ ನೀವೊಬ್ಬರೇ. ಇನ್ನು ಗುಂಪು.

ಸ್ಕ್ರೀನ್‌ಶಾಟಿನಲ್ಲಿ ನಿಮ್ಮದೊಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು: ‘ನಮ್ಮದರಲ್ಲಿ ಹಾಗೆ ಆಗೋದು ಕಡಿಮೆ.’ ಯಾರದು ಆ ‘ನಮ್ಮದು’? ಕಂಪನಿಯಲ್ಲಿ ನೀವು ನೌಕರರಲ್ಲ, ಷೇರೂ ಇಲ್ಲ ಎಂದುಕೊಂಡಿದ್ದೇನೆ. ಫೋನು ನಿಮ್ಮದು, ನಿಜ. ‘ನನ್ನದರಲ್ಲಿ ಆಗಿಲ್ಲ’ ಎಂದಿದ್ದರೆ ಅದು ಅನುಭವದ ಮಾತು. ‘ನಮ್ಮದರಲ್ಲಿ ಆಗೋದು ಕಡಿಮೆ’ ಎಂದ ತಕ್ಷಣ ಅದು ಪಕ್ಷದ ಮಾತಾಯಿತು.

ಪಕ್ಷ ಕಟ್ಟಿಕೊಳ್ಳಲು ಮನುಷ್ಯರಿಗೆ ಎಷ್ಟು ಕಾರಣ ಬೇಕು? ಬಹಳ ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಇದನ್ನು ಹದಿನಾಲ್ಕು ಹದಿನೈದು ವಯಸ್ಸಿನ ಶಾಲಾ ಹುಡುಗರ ಮೇಲೆ ಪರೀಕ್ಷಿಸಿ 1970-71ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದರು. ನಿನಗೆ ಇವನ ಚಿತ್ರ ಇಷ್ಟ, ನೀನು ಈ ಗುಂಪು ಎಂದು ಹೇಳಿದರು. ನಿಜದಲ್ಲಿ ಗುಂಪು ಮಾಡಿದ್ದು ಮನಬಂದಂತೆ. ಆಮೇಲೆ ಪ್ರತಿಯೊಬ್ಬನೂ ಹೆಸರು ಗೊತ್ತಿಲ್ಲದ ಇತರರಿಗೆ ಅಂಕ ಹಂಚಬೇಕು, ಆ ಅಂಕಕ್ಕೆ ದುಡ್ಡು ಸಿಗುತ್ತದೆ. ತನಗೇ ಕೊಟ್ಟುಕೊಳ್ಳುವಂತಿಲ್ಲ, ಅಂದರೆ ಸ್ವಂತ ಲಾಭ ಏನೂ ಇಲ್ಲ. ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು, ಅದನ್ನು ಯಾರೂ ಊಹಿಸಬಹುದು. ವಿಚಿತ್ರ ಮುಂದಿದೆ: ತಮ್ಮ ಗುಂಪಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಸರಿ, ಆ ಗುಂಪಿಗಿಂತ ಅಂತರ ದೊಡ್ಡದಿರಲಿ ಎಂಬಂತೆ ಎಷ್ಟೋ ಹುಡುಗರು ಹಂಚಿದರು. ಪರಸ್ಪರ ಮುಖ ನೋಡದ, ಜಗಳವಾಡದ, ಹಿಂದಿನ ಗಳಿಗೆಯವರೆಗೆ ಇಲ್ಲದೇ ಇದ್ದ ಗುಂಪುಗಳಿಗೆ ಇಷ್ಟು. ನಿಮ್ಮದು ಆರು ವರ್ಷದ ಸಂಬಂಧ.

ಅದರ ಮೇಲೆ ಲೈಕು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಸುದ್ದಿ ಹಂಚಿಕೊಳ್ಳುವ ಒಂದು ಜಾಲತಾಣದಲ್ಲಿ ಐದು ತಿಂಗಳ ಕಾಲ ಸಂಶೋಧಕರು 1,01,281 ಕಾಮೆಂಟುಗಳನ್ನು ಬಳಸಿಕೊಂಡರು. ಕೆಲವಕ್ಕೆ, ಹುಟ್ಟಿದ ತಕ್ಷಣ, ಗುಣ ನೋಡದೆ ಸುಮ್ಮನೆ ಒಂದು ಮೆಚ್ಚುಗೆ ಒತ್ತಿದರು. ಅಂಥ ಕಾಮೆಂಟನ್ನು ಮುಂದೆ ನೋಡಿದ ಮೊದಲ ವ್ಯಕ್ತಿಯೂ ಮೆಚ್ಚುಗೆ ಒತ್ತುವ ಸಾಧ್ಯತೆ ಶೇಕಡಾ 32ರಷ್ಟು ಹೆಚ್ಚಿತ್ತು. ಕೊನೆಗೆ ಸಿಕ್ಕ ಒಟ್ಟು ಅಂಕ ಸರಾಸರಿ ಶೇಕಡಾ 25ರಷ್ಟು ಹೆಚ್ಚಾಯಿತು. ಬೇಕೆಂದೇ ಕೆಳಕ್ಕೆ ತಳ್ಳಿದ ಕಾಮೆಂಟುಗಳನ್ನು ಜನ ಮೇಲೆತ್ತಿ ಸರಿಪಡಿಸಿದರು. ಸುಳ್ಳು ಮೆಚ್ಚುಗೆಯನ್ನು ಮಾತ್ರ ಹಾಗೆ ಸರಿಪಡಿಸಲಿಲ್ಲ. ಇದು ಲೈಕಿನ ಲೆಕ್ಕ, ನಿಮ್ಮದು ಮಾತು, ಎರಡೂ ಒಂದೇ ಅಲ್ಲ. ಆದರೂ ಹಳಬರೊಬ್ಬರು 9.14ಕ್ಕೆ ಆಡಿದ ಮೊದಲ ಮಾತು ಉಳಿದವರಿಗೆ ದಾರಿ ತೋರಿಸಿತು ಎಂದು ನನಗನ್ನಿಸುತ್ತದೆ. ನೀವು ಆಗ ‘ಆಫ್ ಮಾಡಿ’ ಎಂದಿದ್ದರೆ? ಉಳಿದವರೂ ಅದನ್ನೇ ಹೇಳುತ್ತಿದ್ದರೋ ಏನೋ. ಗುಂಪಿನಲ್ಲಿ ಗೋವಿಂದ ಅನ್ನುವವರಿಗೆ ಯಾವ ಗೋವಿಂದನಾದರೂ ಆದೀತು.

ನಿಮ್ಮ ಪತ್ರದಲ್ಲಿ ಬರದಿದ್ದರೂ, ಸ್ಕ್ರೀನ್‌ಶಾಟಿನಲ್ಲಿ ಕಾಣುವ ಇನ್ನೊಂದು ಸಂಗತಿ ಸಿದ್ಧಾಂತದ್ದು. ‘ಇದನ್ನು ಕೊಂಡವರು ಸ್ವಂತ ಬುದ್ಧಿ ಇರೋರು’ ಎಂದು ಯಾರೋ ಬರೆದಿದ್ದಾರೆ. ಈ ಮಾತಿನ ವಂಶಾವಳಿ ತೆಗೆದರೆ ಒಂದು ಕೊಂಡಿ 1984ರ ಜನವರಿ 22ಕ್ಕೆ ಹೋಗುತ್ತದೆ. ಅವತ್ತು ಅಮೆರಿಕದ ಫುಟ್‌ಬಾಲ್ ಫೈನಲ್ ನಡುವೆ ಆ್ಯಪಲ್ ಕಂಪನಿ ಒಂದು ಜಾಹೀರಾತು ಬಿತ್ತರಿಸಿತು. ಬೂದುಬಣ್ಣದ ಜನ ಸಾಲಾಗಿ ಕೂತು ದೊಡ್ಡ ಪರದೆಯ ಮೇಲಿನ ಭಾಷಣ ಕೇಳುತ್ತಿರುತ್ತಾರೆ, ಒಬ್ಬಳು ಓಡಿ ಬಂದು ಸುತ್ತಿಗೆ ಬೀಸಿ ಪರದೆ ಒಡೆಯುತ್ತಾಳೆ. ಮಾರಬೇಕಿದ್ದ ಕಂಪ್ಯೂಟರನ್ನು ಅದರಲ್ಲಿ ತೋರಿಸಲೇ ಇಲ್ಲ. ತೋರಿಸಿದ್ದು ಕೊಂಡರೆ ನೀವು ಯಾರಾಗುತ್ತೀರಿ ಎಂಬುದನ್ನು. ಯಂತ್ರದ ಜೊತೆ ಸ್ವಾತಂತ್ರ್ಯದ ಪದಕವನ್ನೂ ಕೊಟ್ಟರೆ, ಯಂತ್ರದ ಮೇಲಿನ ದೂರು ಪದಕಕ್ಕೇ ತಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಕೊಂಡವನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ, ಕಂಪನಿ ಆರಾಮಾಗಿರುತ್ತದೆ.

ಹಾಗೆಂದು ತಂತ್ರಜ್ಞಾನದಲ್ಲಿ ಸಿದ್ಧಾಂತವೇ ಪೊಳ್ಳು ಎನ್ನುವ ಜಾಣರ ಪೈಕಿ ನಾನಲ್ಲ. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆ ಘೋಷಿಸಿ, ಬಳಸುವವನಿಗೆ ತನ್ನ ತಂತ್ರಾಂಶವನ್ನು ತೆರೆದು ನೋಡುವ, ತಿದ್ದುವ, ಹಂಚುವ ಹಕ್ಕಿರಬೇಕು ಎಂದರು. ಅದರಲ್ಲಿ ವಾದಿಸಲು ನಿಜವಾದ ವಿಷಯವಿದೆ. 1998ರಲ್ಲಿ ಅದೇ ಬಳಗದ ಕೆಲವರು ಹಕ್ಕಿನ ಮಾತು ಕಂಪನಿಗಳನ್ನು ಹೆದರಿಸುತ್ತದೆ, ‘ಓಪನ್ ಸೋರ್ಸ್’ ಎನ್ನೋಣ, ಉಪಯೋಗ ತೋರಿಸೋಣ ಎಂದು ಬೇರೆಯಾದರು. ಹೊರಗಿನವರಿಗೆ ಹೆಸರಿನ ಜಗಳದಂತೆ ಕಂಡರೂ ಒಳಗೆ ಅದು ನಾವು ಇದನ್ನು ಯಾತಕ್ಕಾಗಿ ಮಾಡುತ್ತಿದ್ದೇವೆ ಎಂಬ ಜಗಳ. ಅಂಥ ಜಗಳ ಇರಲಿ ಎನ್ನುತ್ತೇನೆ. ಯಾವ ಸಿದ್ಧಾಂತವಾದರೂ ವಸ್ತುವಿನಿಂದ, ಅದನ್ನು ಮಾಡಿದವರಿಂದ ಏನನ್ನೋ ಕೇಳುತ್ತಿರುವವರೆಗೆ ಅದಕ್ಕೆ ಜೀವವಿದೆ. ಬಳಸುವವನ ಬಾಯಿ ಮುಚ್ಚಿಸಲು ಅದನ್ನು ಎತ್ತಿಕೊಂಡರೆ ಕಥೆ ಬೇರೆ.

ನನ್ನ ಪ್ರಸಂಗ ಇಲ್ಲಿ ಬರುತ್ತದೆ. ಇಂಥದ್ದೇ ಒಂದು ಮುಕ್ತ ತಂತ್ರಾಂಶದ ಬಳಕೆದಾರರ ಗುಂಪಿಗೆ ನಾನು ಕೆಲವು ವರ್ಷ ಅಡ್ಮಿನ್ ಆಗಿದ್ದೆ. ಒಂದು ಅಪ್‌ಡೇಟ್ ಬಂದ ವಾರ, ಕಣ್ಣು ಕಾಣದ ಒಬ್ಬ ಸದಸ್ಯರು ಬರೆದರು: ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಲಾಗಿನ್ ಪುಟದಲ್ಲಿ ಮಾತಾಡುತ್ತಿಲ್ಲ, ಒಳಗೇ ಹೋಗಲಾಗುತ್ತಿಲ್ಲ, ಪಕ್ಕದವರ ಫೋನಿನಿಂದ ಬರೆಸುತ್ತಿದ್ದೇನೆ ಎಂದು. ಅದಕ್ಕೆ ಬಂದ ಮೊದಲ ಉತ್ತರ: ‘ಕೋಡ್ ತೆರೆದೇ ಇದೆಯಲ್ಲ, ತಿದ್ದಿಕೊಳ್ಳಿ. ಬೇರೆಯವರ ಹಾಗೆ ನಾವೇನೂ ಬಚ್ಚಿಟ್ಟಿಲ್ಲ.’ ಆ ಉತ್ತರ ಚುರುಕಾಗಿದೆ ಎನ್ನಿಸಿ ನಾನು ಲೈಕ್ ಒತ್ತಿದೆ. ಪರದೆಯೇ ಮಾತಾಡದಿರುವಾಗ ಅವರು ಕೋಡ್ ತಿದ್ದುವುದಾದರೂ ಹೇಗೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಚರ್ಚೆ ಬೆಳೆದಾಗ ಪೋಸ್ಟನ್ನು ‘ಇತರೆ’ ವಿಭಾಗಕ್ಕೆ ಸರಿಸಿ ಕೈತೊಳೆದುಕೊಂಡೆ. ಕೆಲವು ತಿಂಗಳು ಕಳೆದು ಇನ್ನೊಬ್ಬರು ಹೇಳಿದರು, ಅವರು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಕ್ಕೆ ವಾಪಸು ಹೋದರು, ಅದು ಆನ್ ಮಾಡಿದ ಕೂಡಲೇ ಮಾತಾಡುತ್ತದೆ ಎಂದು. ಸ್ವಾತಂತ್ರ್ಯದ ಬಗ್ಗೆ ನಾನು ಬರೆದಿದ್ದ ಉದ್ದುದ್ದದ ಪೋಸ್ಟುಗಳು ಆಗಲೂ ಗುಂಪಿನ ನೆತ್ತಿಯ ಮೇಲೆ ಪಿನ್ ಆಗಿದ್ದವು.

ಅದಾದ ಮೇಲೆ ಯಾವ ಗುಂಪನ್ನು ನೋಡಿದರೂ ಒಂದೇ ಕಡೆ ಕಣ್ಣಿಡುತ್ತೇನೆ: ತನ್ನವನೇ ದೂರು ತಂದಾಗ ಗುಂಪು ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತದೆ? ಹೊರಗಿನವನು ಬೈದಾಗ ಎಲ್ಲ ಗುಂಪೂ ಒಂದೇ ತರಹ ಮೈಮೇಲೆ ಬೀಳುತ್ತದೆ. ಒಳಗಿನವನ ದೂರಿನ ಮುಂದೆ ಅವುಗಳ ನಡುವಿನ ವ್ಯತ್ಯಾಸ ಹೊರಬೀಳುತ್ತದೆ.

ಏಕೆಂದರೆ ಬಳಕೆದಾರರ ಗುಂಪಿನಲ್ಲಿ ಬೆಲೆಬಾಳುವ ಸರಕು ಎಂದರೆ ದೂರೇ. ಹೊಗಳಿಕೆ ಬೇಕಾದರೆ ಕಂಪನಿಯ ಜಾಹೀರಾತಿನಲ್ಲಿ ಬೇಕಾದಷ್ಟಿದೆ. 2010ರ ಜೂನಿನಲ್ಲಿ ಐಫೋನ್ 4 ಬಂದಾಗ, ಕೆಳಗಿನ ಎಡಮೂಲೆ ಮುಚ್ಚುವಂತೆ ಹಿಡಿದರೆ ಸಿಗ್ನಲ್ ಬೀಳುತ್ತದೆ ಎಂದು ಜನ ದೂರಿದರು. ಆಗ ಕಂಪನಿಯಿಂದ ಬಂದ ಉತ್ತರದ ಸಾರ, ಹಾಗೆ ಹಿಡಿಯಬೇಡಿ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯುವವರಿಗೆ ಬುದ್ಧಿ ಹೇಳಲಾಯಿತು. ಮುಂದಿನ ತಿಂಗಳು 16ರಂದು ಕಂಪನಿ ಪತ್ರಿಕಾಗೋಷ್ಠಿ ಕರೆದು ಕೊಂಡವರಿಗೆಲ್ಲ ಉಚಿತ ಕವರ್ ಕೊಡುವುದಾಗಿ ಹೇಳಬೇಕಾಯಿತು. ಹಿಡಿತದ ಪಾಠಕ್ಕೆ ಬಳಕೆದಾರರು ತೆಪ್ಪಗೆ ತಲೆಯಾಡಿಸಿದ್ದರೆ ಆ ಕವರೂ ಸಿಗುತ್ತಿರಲಿಲ್ಲ.

2017ರದ್ದು ಇನ್ನೂ ಹತ್ತಿರದ ಉದಾಹರಣೆ, ಬ್ಯಾಟರಿಯದೇ. ಅಪ್‌ಡೇಟ್ ಹಾಕಿದರೆ ಹಳೆಯ ಐಫೋನ್ ನಿಧಾನವಾಗುತ್ತದೆ ಎಂಬ ದೂರು ಅದಕ್ಕೂ ವರ್ಷಗಳ ಹಿಂದಿನಿಂದ ಇತ್ತು. ‘ಹೊಸದು ಕೊಳ್ಳಲು ನೆಪ’, ‘ಮನಸ್ಸಿನ ಭ್ರಮೆ’, ‘ಸ್ಟೋರೇಜ್ ಖಾಲಿ ಮಾಡಿ ನೋಡಿ’ ಎಂದು ತಳ್ಳಿಹಾಕುವುದೂ ಇತ್ತು. ಆ ಡಿಸೆಂಬರಿನಲ್ಲಿ ರೆಡಿಟ್ ಎಂಬ ಚರ್ಚಾತಾಣದಲ್ಲಿ ಒಬ್ಬ ಬಳಕೆದಾರ, ಬ್ಯಾಟರಿ ಬದಲಿಸಿದ ಕೂಡಲೇ ತನ್ನ ಐಫೋನ್ 6ಎಸ್ ವೇಗವಾಯಿತು ಎಂದು ಹಿಂದಿನ-ಮುಂದಿನ ವೇಗದ ಅಂಕಗಳ ಸಮೇತ ಬರೆದ. ಫೋನುಗಳ ವೇಗ ಅಳೆಯುವ ಗೀಕ್‌ಬೆಂಚ್ ತಂತ್ರಾಂಶದ ಜಾನ್ ಪೂಲ್ ತಮ್ಮಲ್ಲಿದ್ದ ರಾಶಿ ಅಂಕಿಅಂಶ ತೆಗೆದು ನೋಡಿ 18ರಂದು ಪ್ರಕಟಿಸಿದರು. 20ರಂದು ಆ್ಯಪಲ್ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದಾಗ ಒಮ್ಮೆಲೇ ಬೇಕಾಗುವ ವಿದ್ಯುತ್ ಕೊಡಲಾಗದೆ ಫೋನು ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ಐಫೋನ್ ನಡೆಸುವ ತಂತ್ರಾಂಶವಾದ ಐಒಎಸ್‌ನ 10.2.1 ಆವೃತ್ತಿಯಿಂದ ವೇಗಕ್ಕೆ ಕಡಿವಾಣ ಹಾಕಲಾಗಿತ್ತು. ಕಾರಣ ತಾಂತ್ರಿಕವಾಗಿ ಸರಿಯಾದದ್ದೇ. ಬಳಸುವವರಿಗೆ ಸ್ಪಷ್ಟವಾಗಿ ಹೇಳದೇ ಮಾಡಿದ್ದು ತಪ್ಪು. 28ರಂದು ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ಶುಲ್ಕವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಅಮೆರಿಕದ ಹಲವು ರಾಜ್ಯಗಳ ಜೊತೆ 113 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಆ ಬಳಕೆದಾರನ ಪೋಸ್ಟಿನ ಕೆಳಗೆ ‘ಯಾವ ಚಾರ್ಜರ್?’ ಎಂದು ಯಾರೋ ಕೇಳಿ, ಎಲ್ಲರೂ ಅದರ ಹಿಂದೆ ಬಿದ್ದು, ಅವನು ಬೇಸತ್ತು ಹೊರಟುಹೋಗಿದ್ದರೆ ಏನಾಗುತ್ತಿತ್ತು ಯೋಚಿಸಿ.

ನಿಮ್ಮ ಗುಂಪಿನಲ್ಲಿ ಆದದ್ದು ಅದೇ, ಮತ್ತು ಅದರ ಪರಿಣಾಮ ಲೆಕ್ಕದಲ್ಲಿ ಕಾಣುತ್ತದೆ. ನಿಮಗೆ ಗೊತ್ತಿರುವ ಹಾಗೆ ಉಬ್ಬಿದ ಬ್ಯಾಟರಿಗಳು ಎರಡು. ಗುಂಪಿಗೆ ಗೊತ್ತಿರುವುದು ಒಂದು, ಅದೂ ಬೇರೆ ಕಂಪನಿಯವರ ಕೈವಾಡ ಎಂದು ತಳ್ಳಿಹಾಕಿದ್ದು. ‘ನಂದು ನಾಲ್ಕು ವರ್ಷ ಆಯ್ತು, ಏನೂ ಆಗಿಲ್ಲ’ ಎಂದು ಮುಂದಿನ ಸಲ ಯಾರೋ ಬರೆದಾಗ ಅದಕ್ಕೆ ಇಪ್ಪತ್ತು ಲೈಕ್ ಬೀಳುತ್ತದೆ. ನಿಮ್ಮಂತೆ ಬಾಯಿ ಮುಚ್ಚಿಕೊಂಡವರು ಇನ್ನೆಷ್ಟು ಮಂದಿ ಇದ್ದಾರೋ ಯಾರಿಗೂ ತಿಳಿಯದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಈ ಸುಳಿಯನ್ನು ವಿವರಿಸಿದ್ದರು. ಸಂಸ್ಥೆಯೊಂದು ಹದಗೆಟ್ಟಾಗ ಗುಣಮಟ್ಟದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವವರೇ ಎಷ್ಟೋ ಸಲ ಮೊದಲು ಬಿಟ್ಟುಹೋಗುತ್ತಾರೆ. ದನಿ ಎತ್ತಿ ಸರಿಪಡಿಸಬಹುದಾಗಿದ್ದವರೂ ಅವರೇ ಆದ್ದರಿಂದ ಒಳಗೆ ದನಿ ಸೊರಗುತ್ತದೆ. ಉಳಿದವರಿಗೆ ಎಲ್ಲ ಚೆನ್ನಾಗಿದೆ ಎಂದೇ ಕಾಣುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ, ಅಭಿಪ್ರಾಯ ನನ್ನದೇನಾ ಎಂಬುದು. ಪೂರ್ತಿ ಸ್ವಂತದ ಅಭಿಪ್ರಾಯ ಯಾರ ಬಳಿಯೂ ಇಲ್ಲ, ಆ ಚಿಂತೆ ಬಿಡಿ. ಬೇರೆಯವರಿಂದ ಕಲಿಯುವುದಕ್ಕೇ ಗುಂಪು ಸೇರುವುದು. ತಿಳಿಯಬೇಕಾದ್ದು ಯಾವುದು ಎಲ್ಲಿಂದ ಬಂತು ಎಂದು. ಗುಂಪಿನಲ್ಲಿ ನೀವು ಬರೆದ ಕೊನೆಯ ಇಪ್ಪತ್ತು ಕಾಮೆಂಟ್ ತೆಗೆದು ಪ್ರತಿಯೊಂದರ ಪಕ್ಕದಲ್ಲಿ ಗುರುತು ಹಾಕಿ: ನನ್ನ ಕೈಯಾರೆ ಕಂಡದ್ದು, ಗುಂಪಿನಲ್ಲಿ ಕೇಳಿದ್ದು, ಕಂಪನಿ ಹೇಳಿದ್ದು. ನಾನು ಹೀಗೆ ಮಾಡಿದಾಗ ಕೈಯಾರೆ ಕಂಡದ್ದು ಮೂರೇ ಮೂರು ಸಿಕ್ಕಿತು. ನಾಲ್ಕನೆಯದೆಂದು ಎಣಿಸಿದ್ದು ಒಂದು ವಿಡಿಯೊದಲ್ಲಿ ನೋಡಿದ್ದು ಎಂದು ಆಮೇಲೆ ನೆನಪಾಯಿತು.

ಇನ್ನೊಂದು ಪರೀಕ್ಷೆ ಕಂಪನಿಯೇ ಆಗಾಗ ಮಾಡಿಕೊಡುತ್ತದೆ. 2012ರಿಂದ ಐಫೋನಿನಲ್ಲಿ ಲೈಟ್ನಿಂಗ್ ಎಂಬ ತನ್ನದೇ ಚಾರ್ಜಿಂಗ್ ಕಿಂಡಿ ಇತ್ತು. ಅದೇ ಗಟ್ಟಿ, ಅದೇ ಚೊಕ್ಕ, ಎಲ್ಲರ ಕಿಂಡಿ ನಮಗ್ಯಾಕೆ ಎಂದು ಅದರ ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದ್ದನ್ನು ಕೇಳಿದ್ದೇನೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಎಂಬ ಆ ‘ಎಲ್ಲರ ಕಿಂಡಿ’ ಕಡ್ಡಾಯ ಎಂದು ಕಾನೂನು ಮಾಡಿತು. 2023ರ ಸೆಪ್ಟೆಂಬರಿನಲ್ಲೇ ಐಫೋನ್ 15 ಆ ಕಿಂಡಿಯೊಂದಿಗೆ ಬಂತು. ಒಂದೇ ಕೇಬಲಿನಲ್ಲಿ ಎಲ್ಲ ಚಾರ್ಜ್ ಆಗುವ ಸುಖವನ್ನು ಅದೇ ಜನ ವಾರದೊಳಗೆ ಕೊಂಡಾಡತೊಡಗಿದರು. ಅವರ ಮಧ್ಯೆ ಒಬ್ಬರಾದರೂ ‘ಮೊದಲು ನಾನು ಹೇಳಿದ್ದು ತಪ್ಪಾಗಿತ್ತು’ ಎಂದಿದ್ದರೆ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಪನಿ ತಿರುಗಿದ ದಿನವೇ ತಿರುಗಿದ ಅಭಿಪ್ರಾಯಗಳು ನಿಮ್ಮಲ್ಲೂ ಎಷ್ಟಿವೆ ಎಂದು ಹಿಂದಕ್ಕೆ ಹೋಗಿ ನೋಡಿ.

ಗುಂಪು ಬಿಡಬೇಕೇ? ಈಗಲೇ ಬೇಡ. ಬಿಟ್ಟರೆ ನಿಮ್ಮ ಬ್ಯಾಟರಿಯೂ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹೊಸಬರ ದೂರಿಗೆ ಇಲ್ಲದ ತೂಕ ಹಳಬರ ದೂರಿಗಿದೆ, ಆರು ವರ್ಷ ಅಲ್ಲಿ ಸಂಪಾದಿಸಿದ ಗೌರವವನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಿಕ್ಕಿಲ್ಲ.

ಅದಕ್ಕೂ ಮುಂಚೆ, ಹೊರಟುಹೋದ ಆ ವ್ಯಕ್ತಿಗೆ ಖಾಸಗಿಯಾಗಿ ಒಂದು ಮೆಸೇಜ್ ಕಳಿಸಿ. ಉದ್ದ ಬೇಡ, ‘ಆದರೆ’ ಬೇಡ. ‘ನೀವು ಬಾಕ್ಸಿನ ಚಾರ್ಜರ್ ಎಂದು ಹೇಳಿದಿರಿ, ನಾನು ಉತ್ತರ ಕೊಡಲಿಲ್ಲ. ನನ್ನದೂ ಉಬ್ಬಿದೆ. ತಪ್ಪಾಯಿತು’ ಎಂದರೆ ಸಾಕು. ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಉತ್ತರ ಕೊಡುವ ಋಣ ಅವರಿಗಿಲ್ಲ.

ಆಮೇಲೆ ಗುಂಪಿನಲ್ಲಿ ಹಾಕಿ. ಕಂಪನಿಗೆ ಬೈಯುವ ಅಗತ್ಯವಿಲ್ಲ, ಬೈದರೆ ಮಾತು ಅಲ್ಲೇ ಹೊಕ್ಕು ಕಳೆದುಹೋಗುತ್ತದೆ. ರಾಜಕೀಯ ವಿಷಯಗಳ ಐದು ಲಕ್ಷಕ್ಕೂ ಹೆಚ್ಚು ಟ್ವೀಟುಗಳನ್ನು ಪರಿಶೀಲಿಸಿದ 2017ರ ಒಂದು ಅಧ್ಯಯನದಲ್ಲಿ, ನೀತಿ ಮತ್ತು ಭಾವನೆ ಎರಡನ್ನೂ ಕೆರಳಿಸುವ ಒಂದೊಂದು ಪದಕ್ಕೂ ಹರಡುವಿಕೆ ಸುಮಾರು ಶೇಕಡಾ 20ರಷ್ಟು ಏರಿತ್ತು. ಅದೂ ಮುಖ್ಯವಾಗಿ ತಮ್ಮತಮ್ಮವರ ನಡುವೆಯೇ. ‘ಮೋಸ’, ‘ದ್ರೋಹ’ ಎಂದು ಬರೆದರೆ ಹೆಚ್ಚು ಜನ ನೋಡುತ್ತಾರೆ, ಆದರೆ ಓದಿ ತಮ್ಮ ಫೋನನ್ನು ತಿರುಗಿಸಿ ನೋಡಿಕೊಳ್ಳುವವರು ನಿಮಗೆ ಬೇಕು. ಫೋನನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಮುಚ್ಚಳದ ಸಂದು ಕಾಣುವಂತೆ ಪಕ್ಕದಿಂದ ಒಂದು ಫೋಟೊ. ಮಾಡೆಲ್, ಕೊಂಡ ತಿಂಗಳು, ಉಬ್ಬು ಕಂಡ ದಿನ, ಸೆಟ್ಟಿಂಗ್ಸ್‌ನಲ್ಲಿ ತೋರಿಸುತ್ತಿದ್ದರೆ ಬ್ಯಾಟರಿಯ ಆರೋಗ್ಯದ ಅಂಕ, ಸರ್ವಿಸ್ ಸೆಂಟರಿನವರು ಹೇಳಿದ್ದು. ಎರಡು ತಿಂಗಳ ಹಿಂದಿನ ಪೋಸ್ಟಿನ ಲಿಂಕ್. ಬೇರೆ ಯಾರದ್ದಾದರೂ ಹೀಗಾಗಿದ್ದರೆ ಇದೇ ಕ್ರಮದಲ್ಲಿ ಕೆಳಗೆ ಬರೆಯಿರಿ ಎಂಬ ಒಂದು ಕೋರಿಕೆ.

ಮೊದಲ ಎರಡು ಉತ್ತರ ಹುಳಿಯಾಗಿಯೇ ಇರುತ್ತವೆ, ಅದಕ್ಕೆ ಸಿದ್ಧರಾಗಿ. ಮೂರನೆಯದೋ ನಾಲ್ಕನೆಯದೋ ‘ನಂದೂ ಸ್ವಲ್ಪ ಎದ್ದಿದೆ, ಹೇಳಿರಲಿಲ್ಲ’ ಎಂದು ಬಂದರೆ ಗುಂಪಿನಲ್ಲಿ ಉಳಿಯಿರಿ. ಅಡ್ಮಿನ್ ನಿಮ್ಮ ಪೋಸ್ಟನ್ನು ಅಳಿಸಿದರೆ, ಅಥವಾ ನಾನು ಮಾಡಿದ ಹಾಗೆ ಯಾವುದೋ ‘ಇತರೆ’ಗೆ ಸರಿಸಿದರೆ, ಫೋಟೊಗಳನ್ನು ಇಟ್ಟುಕೊಂಡು ಹೊರಡಿ. ಹೊರಡುವಾಗ ವಿದಾಯದ ಭಾಷಣ ಬೇಡ.

ಹಾಂ, ಚಾರ್ಜರ್ ಯಾವುದೆಂದು ಮೊದಲ ಸಾಲಿನಲ್ಲೇ ಬರೆದುಬಿಡಿ. ಕೇಳುವುದಕ್ಕೆ ಈ ಸಲ ನೀವಿರುವುದಿಲ್ಲ, ಆದರೆ ಇನ್ನೊಬ್ಬರು ಇದ್ದೇ ಇರುತ್ತಾರೆ.